ಕಾಕಾ ಎಷ್ಟಕ್ಕ ಮುಟ್ಟತಾನ?

ನರೇಗಲ್ ಸೀಮೆಯಲ್ಲಿ ಸಾವಿನ ಸುದ್ದಿ ಕೇಳಿದವರು ‘ಶಿವ ಶಿವಾ’ ಎಂದ ಮೇಲೆ ಕೇಳುವ ಮೊದಲ ಮಾತು ‘ಮಣ್ಣು ಎಷ್ಟಕ್ಕ?’ ಎಂಬುದು. ಗಜೇಂದ್ರಗಡದ ಬೀಗರು, ರೋಣಕ್ಕೆ ಕೊಟ್ಟ ಹೆಣ್ಣುಮಕ್ಕಳು, ಅಬ್ಬಿಗೇರಿ, ಕೋಟುಮಚಗಿಯ ಅಣ್ಣತಮ್ಮಂದಿರು ಎಲ್ಲರೂ ಆ ಒಂದು ವೇಳೆಯನ್ನು ಹಿಡಿದೇ ಬಸ್ಸು ಹತ್ತಬೇಕು. ಬೆಳಗ್ಗೆ ಹೋದವರಿಗೆ ಸಂಜೆ, ರಾತ್ರಿ ಹೋದವರಿಗೆ ಮರುದಿನ ಮಧ್ಯಾಹ್ನ ಮಣ್ಣು ಕೊಡುವುದು ಹಿಂದಿನಿಂದ ಬಂದ ವಾಡಿಕೆ. ಮಕ್ಕಳು ಪುಣೆ, ಮುಂಬೈ ಸೇರಿದ ಮೇಲೆ ಒಂದು ರಾತ್ರಿ ಹೆಚ್ಚು ಕಾಯುವುದೂ ರೂಢಿಯಾಯಿತು. ಆದರೆ ಮಗ ಕ್ಯಾಲಿಫೋರ್ನಿಯಾದಲ್ಲಿದ್ದರೆ ಎಷ್ಟು ಕಾಯಬೇಕು? ಅದಕ್ಕೆ ಹಿರಿಯರಲ್ಲಿ ಸಿದ್ಧ ಉತ್ತರ ಇರಲಿಲ್ಲ.

2023ರ ಜನವರಿ, ಸಂಕ್ರಮಣದ ಹಿಂದಿನ ಗುರುವಾರ ರಾತ್ರಿ ಎಂಟರ ಸುಮಾರಿಗೆ ಊರಿನ ಒಬ್ಬ ಹಿರಿಯ ರೈತರು ತೀರಿಕೊಂಡರು. ಎರಡು ದಿನದಿಂದ ಎದೆನೋವು ಎನ್ನುತ್ತಿದ್ದರು, ಗದಗಿಗೆ ಹೋಗೋಣ ಎಂದರೆ ಹಿಂಗಾರಿ ಜೋಳದ ನೆಪ ಹೇಳಿ ಮುಂದೂಡಿದ್ದರು. ಹಿರಿಯ ಮಗ ಊರಲ್ಲೇ ಹೊಲಮನೆ ನೋಡಿಕೊಂಡಿದ್ದವನು. ಕಿರಿಯವನು ಸ್ಯಾನ್ ಫ್ರಾನ್ಸಿಸ್ಕೋ ಬಳಿ ಕಂಪನಿ ಕೆಲಸದಲ್ಲಿದ್ದ. ಸುದ್ದಿ ಮುಟ್ಟಿದಾಗ ಅವನಿಗೆ ಇನ್ನೂ ಬೆಳಗು. ಎರಡು ತಾಸಿನೊಳಗೆ ಟಿಕೆಟ್ಟು ಮಾಡಿಕೊಂಡು ಮೊಬೈಲಿಗೆ ನಾಲ್ಕು ಸಾಲು ಬರೆದು ಹಾಕಿದ: ಗುರುವಾರ ಸಂಜೆ ನಾಲ್ಕೂವರೆಗೆ ವಿಮಾನ, ದುಬೈವರೆಗೆ ಹದಿನೈದೂವರೆ ತಾಸು, ಅಲ್ಲಿ ಮೂರೂವರೆ ತಾಸು ಕಾಯಬೇಕು, ಬೆಂಗಳೂರಿಗೆ ಮೂರೂ ಮುಕ್ಕಾಲು ತಾಸು. ನಾನು ಬರೂತನಾ ಅಪ್ಪನ್ನ ಇಡ್ರಿ. ಅಷ್ಟೇ. ಆಮೇಲೆ ಫೋನು ಹತ್ತಲಿಲ್ಲ.

ಮನೆಯ ಹಿರಿತನ ಈಗ ತೀರಿಕೊಂಡವರ ತಮ್ಮನದು, ಮಕ್ಕಳೆಲ್ಲ ‘ಸಣ್ಣಜ್ಜ’ ಎನ್ನುವ ವೃದ್ಧರದು. ಜೋಳದ ಚೀಲದ ಲೆಕ್ಕವನ್ನು ಬಾಯಲ್ಲೇ ಮಾಡುವವರು, ಲೆಕ್ಕದಲ್ಲಿ ತಪ್ಪಿದ್ದನ್ನು ಯಾರೂ ಕಂಡವರಿಲ್ಲ. ಸಾಲುಗಳನ್ನು ಓದಿಸಿ ಕೇಳಿ, ಬೆರಳು ಮಡಚಿ, ಅಲ್ಲೇ ತೀರ್ಪು ಕೊಟ್ಟರು:

‘ಸಂಜಿ ನಾಕೂವರಿಗೆ ಹೊಂಟ್ರ ಇಪ್ಪತ್ಮೂರು ತಾಸು ಹಿಡಿ. ಶುಕ್ರವಾರ ಮಧ್ಯಾಹ್ನ ಮೂರೂವರಿಗೆ ಬೆಂಗಳೂರು. ಅಲ್ಲಿಂದ ಗಾಡಿ. ನಡುರಾತ್ರಿಗೆ ಮನ್ಯಾಗ ಇರ್ತಾನ. ಮಣ್ಣು ಶನಿವಾರ ಮುಂಜಾನೆ ಎಂಟಕ್ಕ. ಎಲ್ಲಾರಿಗೂ ಫೋನ್ ಹಚ್ಚ್ರಿ.’

ಫೋನು ಹಚ್ಚುವುದು ಶುರುವಾಯಿತು. ಗಜೇಂದ್ರಗಡಕ್ಕೆ ಹೇಳಿ ಆಯಿತು, ರೋಣಕ್ಕೆ ಹೇಳಿ ಆಯಿತು. ಆಗ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ ಮೊಮ್ಮಗಳು, ಹಿರಿಯ ಮಗನ ಮಗಳು, ಅಪ್ಪನ ತೋಳು ಹಿಡಿದು ಏನೋ ಹೇಳಿದಳು. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಹುಡುಗಿ. ಅಪ್ಪನಿಗೆ ತಿಳಿಯಲಿಲ್ಲ. ಸಾವಿನ ಮನೆಯಲ್ಲಿ ಹಿರಿಯರ ಮಾತಿಗೆ ಎದುರಾಡುವುದು ಸಣ್ಣ ಸಂಗತಿಯಲ್ಲ. ಆದರೂ ಅವಳು ಎದ್ದು ಬಂದು ಹೇಳಿದಳು:

‘ಸಣ್ಣಜ್ಜಾ, ಈಗ ನಮಗ ರಾತ್ರಿ ಹತ್ತೂವರಿ. ಗುರುವಾರದ ನಾಕೂವರಿ ಮುಗದು ಆರು ತಾಸಾತು. ಅಜ್ಜ ಹೋಗಿದ್ದ ಎಂಟಕ್ಕ. ಹಂಗಾರ ಕಾಕಾ ಅಜ್ಜ ಹೋಗೂಕಿಂತ ಮೊದಲ ಹೊಂಟಾನೇನು? ಕಾಕಾ ಇನ್ನೂ ಮನ್ಯಾಗ ಅದಾನ. ಅವರ ನಾಕೂವರಿ ಇನ್ನೂ ಬಂದಿಲ್ಲ.’

ಪಡಸಾಲೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅಮೆರಿಕದಲ್ಲಿ ನಮಗೆ ಹಗಲಾದಾಗ ರಾತ್ರಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಗೊತ್ತಿರುವುದನ್ನು ಕೂಡಿಸುವ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು ಎಂಬುದು ಯಾರಿಗೂ ಹೊಳೆದಿರಲಿಲ್ಲ. ಸಣ್ಣಜ್ಜನ ಕೂಡಿಕೆ ಸರಿಯಾಗಿಯೇ ಇತ್ತು, ಕೂಡಿದ್ದು ಮಾತ್ರ ಎರಡು ಬೇರೆ ಗಡಿಯಾರಗಳನ್ನು.

ಹುಡುಗಿ ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಹಿಂಬದಿಯಲ್ಲಿ ಬರೆಯತೊಡಗಿದಳು. ಮೊದಲ ಸಲ ಅವಳೂ ತಪ್ಪಿದಳು. ನಮ್ಮ ರಾತ್ರಿ ಎಂಟು ಕಾಕಾನ ಬೆಳಗಿನ ಏಳೂವರೆ ಎಂದು ಮನೆಯವರು ಬೇಸಿಗೆಯ ರಜೆಯಲ್ಲಿ ಮಾತಾಡಿ ರೂಢಿಯಾಗಿತ್ತು. ಅಂದರೆ ಹನ್ನೆರಡೂವರೆ ತಾಸಿನ ಅಂತರ. ಆದರೆ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಾರ್ಚಿಯ ಎರಡನೆಯ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಗಡಿಯಾರವನ್ನು ಒಂದು ತಾಸು ಮುಂದೆ ಇಟ್ಟುಕೊಳ್ಳುತ್ತಾರೆ. ಜನವರಿಯಲ್ಲಿ ಆ ಒಂದು ತಾಸು ಇಲ್ಲ. ಶಾಲೆಯ ಭೂಗೋಳದ ಪಾಠ ನೆನಪಾಗಿ ಅವಳು ಮತ್ತೆ ಬರೆದಳು. ಭೂಮಿ ಒಂದು ತಾಸಿಗೆ 15 ಡಿಗ್ರಿ ತಿರುಗುತ್ತದೆ. ಭಾರತದ ಗಡಿಯಾರ ಪೂರ್ವದ 82½ ಡಿಗ್ರಿ ರೇಖಾಂಶದ್ದು, ಕ್ಯಾಲಿಫೋರ್ನಿಯಾದ್ದು ಪಶ್ಚಿಮದ 120 ಡಿಗ್ರಿಯದು. ಎರಡೂ ಕೂಡಿದರೆ 202½. ಅದನ್ನು 15ರಿಂದ ಭಾಗಿಸಿದರೆ ಹದಿಮೂರೂವರೆ. ಈ ಲೆಕ್ಕ ಇಷ್ಟು ಚೊಕ್ಕಟವಾಗಿ ಕೂಡಿಬರುತ್ತದೆ ಎಂಬುದನ್ನು ಪರೀಕ್ಷೆಗೆ ಓದುವಾಗ ಎಷ್ಟು ಮಕ್ಕಳು ಗಮನಿಸುತ್ತಾರೋ!

ಗುರುವಾರ ಸಂಜೆ ನಾಲ್ಕೂವರೆಗೆ ಹದಿಮೂರೂವರೆ ತಾಸು ಸೇರಿಸಿದರೆ ಶುಕ್ರವಾರ ಬೆಳಗಿನ ಆರು. ನರೇಗಲ್ಲಿನಲ್ಲಿ ಕೋಳಿ ಕೂಗಿದ ಮೇಲೆ ಕಾಕಾ ಅಲ್ಲಿ ವಿಮಾನ ಹತ್ತುವುದು. ಶುಕ್ರವಾರ ರಾತ್ರಿ ಒಂಬತ್ತೂವರೆಗೆ ದುಬೈ, ಒಂದಕ್ಕೆ ಅಲ್ಲಿಂದ ಹೊರಟು ಶನಿವಾರ ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಬೆಂಗಳೂರು. ಹೊರಗೆ ಬರಲು ಒಂದು ತಾಸು. ಹುಬ್ಬಳ್ಳಿಯ ವಿಮಾನದ ವೇಳೆ ಹೊಂದಲಿಲ್ಲ, ರಸ್ತೆಯೇ ಗತಿ. ಅದಕ್ಕೆ ಎಂಟೂವರೆ ತಾಸು ಹಿಡಿದರೆ ಮನೆ ಮುಟ್ಟುವುದು ಮಧ್ಯಾಹ್ನ ಎರಡೂ ಕಾಲಿಗೆ.

ಎಂಟಕ್ಕೆ ಮಣ್ಣು ಎಂದಿದ್ದರೆ ಮಗ ಆಗ ತುಮಕೂರಿನ ಆಸುಪಾಸು ಎಲ್ಲೋ ರಸ್ತೆಯ ಮೇಲೆ ಇರುತ್ತಿದ್ದ.

ಸಣ್ಣಜ್ಜ ಒಪ್ಪಲು ಸಮಯ ಹಿಡಿಯಿತು. ಅವರಿಗೆ ಸಿಟ್ಟು ಬಂದದ್ದು ಹುಡುಗಿಯ ಮೇಲಲ್ಲ, ತಾಸುಗಳ ಮೇಲೆ. ಅವರ ಮುಂದಿನ ಪ್ರಶ್ನೆ ನ್ಯಾಯವಾದದ್ದೇ: ‘ಬೆಂಗಳೂರಿಗೆ ನೇರ ವಿಮಾನ ಐತಿ ಅಂತಿದ್ದನಲ್ಲ ಅಂವ. ಅದನ್ನ ಬಿಟ್ಟು ದುಬೈ ಯಾಕ ಸುತ್ತಾಕತ್ತಾನ?’

ನೇರ ವಿಮಾನ ಇದ್ದದ್ದು ನಿಜ. ದಕ್ಷಿಣ ಭಾರತ ಮತ್ತು ಅಮೆರಿಕದ ನಡುವೆ ಎಲ್ಲೂ ಇಳಿಯದ ಮೊದಲ ವಿಮಾನ ಹಾರಿದ್ದು 2021ರ ಜನವರಿಯಲ್ಲಿ. ಆ ತಿಂಗಳ 9ರ ಶನಿವಾರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾದ ಬೋಯಿಂಗ್ 777, ಉತ್ತರ ಧ್ರುವದ ಮೇಲಿನಿಂದ ಹಾದು, 11ರ ಸೋಮವಾರ ನಸುಕಿನ ಮೂರರ ಸುಮಾರಿಗೆ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಝೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್, ಹೀಗೆ ವಿಮಾನ ನಡೆಸಿದ ನಾಲ್ವರೂ ಮಹಿಳೆಯರು. ಪತ್ರಿಕೆಗಳಲ್ಲೆಲ್ಲ ಅವರ ಚಿತ್ರ ಬಂದಿತ್ತು, ಈ ಹುಡುಗಿ ಅದನ್ನು ಕತ್ತರಿಸಿ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿಕೊಂಡಿದ್ದಳು. ಶನಿವಾರ ರಾತ್ರಿ ಹೊರಟು ಸೋಮವಾರ ಇಳಿದರು ಎಂದರೆ ಮೂವತ್ತು ತಾಸು ಹಾರಿದರೆಂದಲ್ಲ. ಎರಡು ಗಡಿಯಾರಗಳ ನಡುವಿನ ಹದಿಮೂರೂವರೆ ತಾಸು ಕಳೆದರೆ ಉಳಿಯುವುದು ಹದಿನೇಳು ತಾಸು. ಎರಡು ನಿಲ್ದಾಣಗಳ ನಡುವೆ ನೆಲದುಂಡೆಯ ಮೇಲೆ ದಾರ ಎಳೆದರೆ ಬರುವ ಅತಿ ಕಡಿಮೆ ದೂರ ಸುಮಾರು 13,990 ಕಿಲೋಮೀಟರು.

ಆದರೆ ಆ ವಿಮಾನ ಆಗ ವಾರಕ್ಕೆ ಮೂರೇ ದಿನ. ಗುರುವಾರ ಇರಲಿಲ್ಲ. ಶುಕ್ರವಾರ ರಾತ್ರಿಯದಕ್ಕೆ ಕಾದಿದ್ದರೆ ಬೆಂಗಳೂರಿಗೆ ಬರುವುದು ರವಿವಾರ ನಸುಕಿಗೆ. ದುಬೈ ದಾರಿ ನೋಡಿ: ಸ್ಯಾನ್ ಫ್ರಾನ್ಸಿಸ್ಕೋದಿಂದ ದುಬೈಗೆ ಸುಮಾರು 13,040 ಕಿಲೋಮೀಟರು, ಅಲ್ಲಿಂದ ಬೆಂಗಳೂರಿಗೆ ಸುಮಾರು 2,700. ಒಟ್ಟು 15,700ರ ಮೇಲೆ. ನೇರ ದಾರಿಗಿಂತ 1,700 ಕಿಲೋಮೀಟರು ಹೆಚ್ಚು, ನಡುವೆ ಮೂರೂವರೆ ತಾಸು ಕುಳಿತದ್ದು ಬೇರೆ. ಆದರೂ ಹತ್ತಿರಹತ್ತಿರ ಒಂದು ದಿನ ಮೊದಲು ಬರುತ್ತಾನೆ. ಇದು ಸಣ್ಣಜ್ಜನಿಗೆ ಕೂಡಲೇ ತಿಳಿಯಿತು. ಗದಗಿಗೆ ಹೋಗಲು ನೇರ ಬಸ್ಸಿಗೆ ಒಂದು ತಾಸು ಕಾಯುವುದಕ್ಕಿಂತ ಮುಂದೆ ನಿಂತ ಹಳ್ಳಿ ಬಸ್ಸು ಹತ್ತಿದರೆ ಬೇಗ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

ತಿಳಿಯದೆ ಉಳಿದದ್ದು ಇನ್ನೊಂದು. ‘ದುಬೈ ಪಡುವಣಕ್ಕ, ಅಮೆರಿಕಾನೂ ಪಡುವಣಕ್ಕ. ನಡುವ ಧ್ರುವ ಎಲ್ಲಿಂದ ಬಂತು?’

ಶಾಲೆಯ ಗೋಡೆಯ ನಕಾಶೆ ನೋಡಿ ಬೆಳೆದ ಯಾರೇ ಆದರೂ ಕೇಳುವ ಪ್ರಶ್ನೆ ಇದು. ಮರ್ಕೇಟರ್ ಎಂಬಾತ 1569ರಲ್ಲಿ ಹಡಗಿನವರಿಗೆಂದು ರೂಪಿಸಿದ ಆ ಬಗೆಯ ನಕಾಶೆಯಲ್ಲಿ ದಿಕ್ಕು ಸರಿಯಾಗಿ ಸಿಗುತ್ತದೆ, ಅಳತೆ ಕೆಡುತ್ತದೆ. ಧ್ರುವದ ಕಡೆ ಹೋದಷ್ಟೂ ನೆಲ ಹಿಗ್ಗಿ ಕಾಣುತ್ತದೆ. ಅದರಲ್ಲಿ ಗ್ರೀನ್‌ಲೆಂಡು ಆಫ್ರಿಕಾದಷ್ಟೇ ದೊಡ್ಡದು. ನಿಜವಾಗಿ ನೋಡಿದರೆ ಆಫ್ರಿಕಾ ಅದರ ಹದಿನಾಲ್ಕು ಪಟ್ಟು, ನಮ್ಮ ಭಾರತವೇ ಅದಕ್ಕಿಂತ ದೊಡ್ಡದು. ಅಂಥ ನಕಾಶೆಯ ಮೇಲೆ ಅಡಿಪಟ್ಟಿ ಇಟ್ಟು ವಿಮಾನದ ದಾರಿ ಗೆರೆ ಹೊಡೆಯುವುದು ಇಂದಿಗೂ ಎಷ್ಟೋ ತರಗತಿಗಳಲ್ಲಿ ನಡೆಯುತ್ತದೆ. ಒಂದು ಗ್ಲೋಬು ಕಪಾಟಿನಲ್ಲಿ ಬೀಗ ಹಾಕಿಕೊಂಡು ಧೂಳು ತಿನ್ನುತ್ತಿರುತ್ತದೆ.

ಆ ರಾತ್ರಿ ಮನೆಯಲ್ಲಿ ಗ್ಲೋಬು ಇರಲಿಲ್ಲ. ತೆಂಗಿನಕಾಯಿ ಇದ್ದವು. ಮರುದಿನದ ಶಾಸ್ತ್ರಕ್ಕೆಂದು ತಂದು ಬುಟ್ಟಿಯಲ್ಲಿ ಇಟ್ಟವು. ಹುಡುಗಿ ಜುಟ್ಟಿದ್ದ ಒಂದು ಕಾಯಿ ತೆಗೆದುಕೊಂಡಳು. ಜುಟ್ಟು ಉತ್ತರ ಧ್ರುವ. ಪಕ್ಕದಲ್ಲಿದ್ದ ವಿಭೂತಿ ಗಟ್ಟಿಯನ್ನು ಹೆಬ್ಬೆರಳಿಗೆ ಒರೆಸಿ ಹೊಟ್ಟೆಗಿಂತ ಒಂದಿಷ್ಟು ಮೇಲೆ ಒಂದು ಬೊಟ್ಟು ಇಟ್ಟಳು: ದುಬೈ. ಕಾಯಿ ತಿರುಗಿಸಿ ಸರಿಯಾಗಿ ಆಚೆ ಬದಿಗೆ, ಕೊಂಚ ಮೇಲೆ, ಇನ್ನೊಂದು ಬೊಟ್ಟು: ಕಾಕಾನ ಊರು. ಹೂವಿನ ಹಾರದಿಂದ ನೂಲು ಹಿರಿದು, ಒಂದು ಸಲ ಹೊಟ್ಟೆಯ ಸುತ್ತ ಹಿಡಿದು ತೋರಿಸಿದಳು, ಇನ್ನೊಂದು ಸಲ ಜುಟ್ಟಿನ ಮೇಲಿಂದ. ಜುಟ್ಟಿನ ಮೇಲಿನ ನೂಲು ಮೋಟಾಯಿತು. ಸಣ್ಣಜ್ಜ ಕಾಯಿಯನ್ನು ಕೈಗೆ ತೆಗೆದುಕೊಂಡು ತಾವೇ ಎರಡು ಸಲ ಅಳೆದರು. ಮಾತಾಡಲಿಲ್ಲ.

ವಿದ್ಯಾರ್ಥಿಗಳು ಈ ಲೆಕ್ಕವನ್ನು ಕಾಗದದ ಮೇಲೂ ಮಾಡಬಹುದು, ತ್ರಿಕೋನಮಿತಿ ಬೇಡ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದ ಅಕ್ಷಾಂಶ ಉತ್ತರ 37.6 ಡಿಗ್ರಿ. ಅಲ್ಲಿಂದ ಧ್ರುವಕ್ಕೆ ಉಳಿದದ್ದು 52.4. ದುಬೈ 25.3 ಡಿಗ್ರಿ, ಧ್ರುವದಿಂದ ಅಲ್ಲಿಗೆ 64.7. ಒಟ್ಟು 117.1 ಡಿಗ್ರಿ. ಒಂದು ಡಿಗ್ರಿಗೆ 111 ಕಿಲೋಮೀಟರು ಹಿಡಿದರೆ ಹದಿಮೂರು ಸಾವಿರ. ವಿಮಾನ ಕಂಪನಿಗಳ ಲೆಕ್ಕಕ್ಕೆ ಇದು ಎಷ್ಟು ಹತ್ತಿರ ನೋಡಿ. ಕಾರಣ ಇಷ್ಟೇ: ಆ ಎರಡು ಊರುಗಳ ರೇಖಾಂಶಗಳು 177 ಡಿಗ್ರಿಗೂ ಮೇಲೆ ಅಂತರದಲ್ಲಿವೆ, ಅಂದರೆ ಬಹುಮಟ್ಟಿಗೆ ಎದುರುಬದುರು. ಅದೇ 30 ಡಿಗ್ರಿ ಅಕ್ಷಾಂಶವನ್ನೇ ಹಿಡಿದು ಅರ್ಧ ಸುತ್ತು ಹೋದರೆ 17,300 ಕಿಲೋಮೀಟರು. ಬೆಂಗಳೂರಿಗೂ ಇದೇ ರೀತಿ ಕೂಡಿಸಿದರೆ 14,300ರಷ್ಟು ಬರುತ್ತದೆ, ನಿಜದ ದೂರಕ್ಕಿಂತ ಮುನ್ನೂರು ನಾನ್ನೂರು ಕಿಲೋಮೀಟರು ಹೆಚ್ಚು. ಬೆಂಗಳೂರು ಸರಿಯಾಗಿ ಎದುರುಬದುರಿಗೆ ಇಲ್ಲದಿರುವುದೇ ಅದಕ್ಕೆ ಕಾರಣ.

ಸಾವಿನ ಮನೆಯಲ್ಲಿ ರಾತ್ರಿ ಉದ್ದ. ಭಜನೆಯವರು ಒಂದು ಸುತ್ತು ಮುಗಿಸಿ ಚಹಾ ಕುಡಿಯುವಾಗ ಹುಡುಗಿಯ ಸೋದರಮಾವ ಒಂದು ಮಾತು ತೆಗೆದ. ಭೂಮಿ ತಿರುಗುತ್ತದಲ್ಲ, ವಿಮಾನ ಮೇಲೆ ಹೋಗಿ ಸುಮ್ಮನೆ ನಿಂತರೆ ನಮ್ಮೂರು ತಾನಾಗಿ ಅದರ ಕೆಳಗೆ ಬರಬೇಕಲ್ಲ? ನಕ್ಕುಬಿಡುವ ಮಾತಲ್ಲ ಇದು, ದೊಡ್ಡದೊಡ್ಡವರು ತಲೆಕೆಡಿಸಿಕೊಂಡದ್ದು. ಓಡುವ ಬಸ್ಸಿನೊಳಗೆ ಲಿಂಬೆಹಣ್ಣು ಮೇಲೆ ತೂರಿದರೆ ಅದು ಹಿಂದಿನ ಸೀಟಿನವರ ತಲೆಗೆ ಬಡಿಯುವುದಿಲ್ಲ, ನಮ್ಮ ಕೈಗೇ ಬರುತ್ತದೆ. ಬಸ್ಸಿನ ವೇಗ ಲಿಂಬೆಗೂ ಇದೆ, ಒಳಗಿನ ಗಾಳಿಗೂ ಇದೆ. ಭೂಮಿಯ ಜೊತೆ ಗಾಳಿಯೂ ವಿಮಾನವೂ ತಿರುಗುತ್ತಲೇ ಇರುತ್ತವೆ.

ಆದರೆ ಆ ಗಾಳಿ ಸುಮ್ಮನಿರುವುದಿಲ್ಲ. ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿ ಇದೆ. ಜೆಟ್ ಪ್ರವಾಹ ಎನ್ನುತ್ತಾರೆ. ಅದರ ಜೊತೆ ಈಜಿದರೆ ಲಾಭ, ಎದುರು ಈಜಿದರೆ ನಷ್ಟ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಸಾಗರದ ಮೇಲೆ, ಪೂರ್ವಮುಖವಾಗಿ ಕಳಿಸಿತು. ದೂರ ಸುಮಾರು 1,400 ಕಿಲೋಮೀಟರು ಹೆಚ್ಚಾಯಿತು, ಹೊತ್ತು ಸುಮಾರು ಎರಡು ತಾಸು ಕಡಿಮೆಯಾಯಿತು! ಗಾಳಿಯಷ್ಟೇ ಅಲ್ಲ, ಆಕಾಶಕ್ಕೆ ಬೇಲಿಗಳೂ ಇವೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ವಿಮಾನಗಳಿಗೆ ರಷ್ಯದ ಆಕಾಶ ಮುಚ್ಚಿತು. ಭಾರತದ, ಕೊಲ್ಲಿ ದೇಶಗಳ ವಿಮಾನಗಳು ಅಲ್ಲಿಂದಲೇ ಹಾದುಹೋದವು. ಒಂದೇ ಊರಿನಿಂದ ಒಂದೇ ಊರಿಗೆ ಹೋಗುವ ಎರಡು ವಿಮಾನಗಳ ದಾರಿ, ಯಾವ ದೇಶದವು ಎಂಬುದರ ಮೇಲೆ ಬೇರೆಯಾಯಿತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರು ಇದನ್ನು ಮತ್ತೊಮ್ಮೆ ಅನುಭವಿಸಿದರು.

ಶುಕ್ರವಾರ ನರೇಗಲ್ಲಿನಲ್ಲಿ ಬಿಸಿಲು ಚೆನ್ನಾಗಿತ್ತು. ಗದಗಿನಿಂದ ಶೀತಲ ಪೆಟ್ಟಿಗೆ ತರಿಸಿದರು. ಮೊದಲು ‘ಎಂಟಕ್ಕ’ ಎಂದು ಹೇಳಿದವರಿಗೆಲ್ಲ ಮತ್ತೆ ಫೋನು ಮಾಡಿ ‘ಶನಿವಾರ ಸಂಜಿ ನಾಕಕ್ಕ’ ಎಂದು ಹೇಳಬೇಕಾಯಿತು. ಎರಡೂ ಕಾಲಿಗೆ ಬರುತ್ತಾನೆಂದು ಹುಡುಗಿ ಹೇಳಿದ್ದಕ್ಕೆ ಸಣ್ಣಜ್ಜ ತಮ್ಮ ಕಡೆಯಿಂದ ಒಂದೂ ಮುಕ್ಕಾಲು ತಾಸು ಸೇರಿಸಿದ್ದರು. ಅದು ಅನುಭವದ ಲೆಕ್ಕ. ಜನವರಿಯಲ್ಲಿ ಹೊತ್ತು ಮುಳುಗುವುದು ಆರೂ ಕಾಲರ ಸುಮಾರಿಗೆ, ಅದರೊಳಗೆ ಎಲ್ಲ ಮುಗಿಯಬೇಕು. ಬಂದ ಕೆಲವರು ಎರಡು ದಿನ ಇಡುವುದು ಸರಿಯಲ್ಲ ಎಂದು ಗೊಣಗಿದರು. ‘ಅಂವ ಬರ್ಲಿ’ ಎಂದಷ್ಟೇ ಅಜ್ಜಿ ಹೇಳಿದಳು. ಹುಡುಗಿ ಮಾತ್ರ ದಿನವಿಡೀ ಆ ಕ್ಯಾಲೆಂಡರ್ ಹಾಳೆಯನ್ನು ಮಡಚಿ ಬಿಚ್ಚಿ ನೋಡುತ್ತಿದ್ದಳು. ಇಷ್ಟು ಜನ ತನ್ನ ಭಾಗಾಕಾರದ ಮೇಲೆ ಕೂತಿದ್ದಾರೆ ಎಂಬ ಅಂಜಿಕೆ ಯಾವ ಪರೀಕ್ಷೆಯಲ್ಲೂ ಅವಳಿಗೆ ಬಂದಿರಲಿಲ್ಲವಂತೆ.

ಮಗನಿಗೆ ಆ ಶುಕ್ರವಾರ ಇರಲೇ ಇಲ್ಲ ಎನ್ನಬೇಕು. ಸಂಜೆಯ ಬೆಳಕಿನಲ್ಲಿ ಹೊರಟ ವಿಮಾನ ಉತ್ತರಕ್ಕೆ ಹೋಗಿ ಕತ್ತಲೆ ಹೊಕ್ಕಿತು. ಜನವರಿಯಲ್ಲಿ ಧ್ರುವದ ಮೇಲೆ ಸೂರ್ಯ ಹುಟ್ಟುವುದಿಲ್ಲ. ತಾಸುಗಟ್ಟಲೆ ಕಪ್ಪು. ಆಚೆ ಬದಿಗೆ ಇಳಿದು ರಷ್ಯದ ಮೇಲೆ ಬರುವಾಗ ಕಿಟಕಿಯ ಅಂಚಿನಲ್ಲಿ ಕೆಂಪು ಕಾಣಿಸಿತು, ಬೆಳಗಾಯಿತು ಎಂದುಕೊಂಡನಂತೆ. ಅದು ಬೆಳಗಲ್ಲ, ಸಂಜೆ. ಸೂರ್ಯ ಮೇಲೆ ಬರದೆ ಅಂಚಿನಲ್ಲೇ ಇದ್ದು ಮುಳುಗಿದ. ದುಬೈ ಮುಟ್ಟಿದಾಗ ಮತ್ತೆ ರಾತ್ರಿ. ಧ್ರುವದ ಬಳಿ ಎಲ್ಲ ರೇಖಾಂಶಗಳೂ ಕೂಡಿಕೊಳ್ಳುತ್ತವೆ. ಅಲ್ಲಿ ಕೆಲವು ನಿಮಿಷಗಳಲ್ಲಿ ಅಮೆರಿಕದ ಪಕ್ಕದಿಂದ ಏಷ್ಯದ ಪಕ್ಕಕ್ಕೆ ದಾಟಿದರೆ ಗಡಿಯಾರದಲ್ಲಿ ಅರ್ಧ ದಿನ ಹಾರಿಹೋಗುತ್ತದೆ. 1522ರಲ್ಲಿ ಮೆಗೆಲನ್ನನ ತಂಡದಲ್ಲಿ ಉಳಿದವರು ಪಶ್ಚಿಮಮುಖವಾಗಿ ಭೂಮಿಯನ್ನು ಸುತ್ತಿ ಕೇಪ್ ವರ್ಡೆ ದ್ವೀಪ ಮುಟ್ಟಿದಾಗ ಹಡಗಿನ ದಿನಚರಿಯಲ್ಲಿ ಬುಧವಾರ, ದಂಡೆಯಲ್ಲಿ ಗುರುವಾರ. ಒಂದು ದಿನವನ್ನೂ ಬರೆಯಲು ತಪ್ಪಿಸಿರಲಿಲ್ಲ, ಆದರೂ ಒಂದು ದಿನ ಇಲ್ಲ. ಅವರಿಗೆ ಅದು ಮೂರು ವರ್ಷದಲ್ಲಿ ಚೂರುಚೂರಾಗಿ ಹೋಗಿತ್ತು.

ಶನಿವಾರ ದೇವನಹಳ್ಳಿಯಲ್ಲಿ ಮಂಜು. ಆ ತಿಂಗಳಲ್ಲಿ ಅಲ್ಲಿ ಅದು ಹೊಸದಲ್ಲ, ಹುಡುಗಿಯ ಲೆಕ್ಕದಲ್ಲಿ ಮಾತ್ರ ಇರಲಿಲ್ಲ. ವಿಮಾನ ಇಳಿದದ್ದು ಒಂದು ತಾಸು ತಡವಾಗಿ. ಆಮೇಲೆ ತುಮಕೂರು, ಚಿತ್ರದುರ್ಗ, ಹೊಸಪೇಟೆ, ಕೊಪ್ಪಳ, ಕುಕನೂರು. ತಾಸಿಗೆ ಎಂಟುನೂರ ನಲವತ್ತು ಕಿಲೋಮೀಟರಿನಂತೆ ಭೂಮಿಯ ನೆತ್ತಿ ದಾಟಿ ಬಂದವನಿಗೆ ಕಡೆಯ ನಾನೂರು ಚಿಲ್ಲರೆ ಕಿಲೋಮೀಟರು, ತಾಸಿಗೆ ಐವತ್ತರಂತೆ, ಎಲ್ಲಕ್ಕಿಂತ ಉದ್ದವಾಗಿ ಕಂಡಿತಂತೆ. ಎರಡೂ ಕಾಲಾಯಿತು. ಬರಲಿಲ್ಲ. ಹುಡುಗಿ ಅಟ್ಟ ಹತ್ತಿ ಕುಕನೂರಿನ ದಾರಿ ನೋಡುತ್ತ ನಿಂತಳು. ಮೂರಕ್ಕೂ ಇಲ್ಲ. ಮೂರೂ ಇಪ್ಪತ್ತಕ್ಕೆ ಗಾಡಿ ಬಂದು ನಿಂತಿತು.

ಇಳಿದವನ ಕೈಗಡಿಯಾರ ಇನ್ನೂ ಕ್ಯಾಲಿಫೋರ್ನಿಯಾದ್ದೇ: ಒಂದೂ ಐವತ್ತು, ಅಲ್ಲಿಯ ಶನಿವಾರ ಆಗಷ್ಟೇ ಶುರುವಾಗಿತ್ತು. ಅಜ್ಜಿ ಅವನ ಮುಖ ಎರಡೂ ಕೈಯಲ್ಲಿ ಹಿಡಿದು ‘ಊಟ ಮಾಡಿ ಎಷ್ಟೊತ್ತಾತೋ’ ಎಂದಳು. ಅವನಿಗೆ ಉತ್ತರ ಹೊಳೆಯಲಿಲ್ಲ.

ಮಣ್ಣು ನಾಲ್ಕೂಕಾಲಿಗೆ ಹೊರಟಿತು. ಹೊಲಕ್ಕೆ ಒಯ್ಯುವ ಬುಟ್ಟಿಗೆ ಕಾಯಿ ತುಂಬುವಾಗ ಎರಡು ವಿಭೂತಿ ಬೊಟ್ಟಿನದು ಸಣ್ಣಜ್ಜನ ಕೈಗೆ ಬಂತು. ಅದನ್ನು ತೆಗೆದು ಮೊಮ್ಮಗಳ ಕೈಯಲ್ಲಿ ಕೊಟ್ಟು, ‘ಇದು ಮನ್ಯಾಗ ಇರ್ಲಿ’ ಎಂದು ಬುಟ್ಟಿ ಎತ್ತಿಸಿದರು.